ಟಾರ್ಚು ಮತ್ತು ಒಣನೆಲ್ಲಿ

ಬಾಯಿ ಕ್ಯಾನ್ಸರ್ ತಪಾಸಣೆಯ ಟಾರ್ಚು ಆಶಾ ಕಾರ್ಯಕರ್ತೆಯ ಜೊತೆ ಮೂರನೇ ಸಲ ಬಂದರೂ ಚಿಕ್ಕತಾಯಮ್ಮ ಬಾಯಿ ತೆರೆಯಲಿಲ್ಲ. ಹೊಗೆಸೊಪ್ಪು ಉಗುಳಿ, ಅದೇ ದವಡೆಗೆ ಒಣನೆಲ್ಲಿ ಇಟ್ಟುಕೊಂಡರೆ ದೋಷವೆಲ್ಲ ಕಳೆಯುತ್ತದೆಂದು ಅವಳ ನಂಬಿಕೆ.

ಜಗಲಿಯ ಮೇಲೆ ಸುಮ್ಮನೆ ಬಿದ್ದಿದ್ದ ಟಾರ್ಚನ್ನು ಕಂಡು ಡಬ್ಬಿಯೊಳಗಿನ ಒಣನೆಲ್ಲಿ ನಕ್ಕಿತು. “ನನ್ನ ಗುಣವನ್ನು ಸಂಶೋಧಕರೇ ಹೊಗಳಿದ್ದಾರೆ. ನಾನಿರುವ ಬಾಯಿಗೆ ನಿನ್ನ ಬೆಳಕೇಕೆ?”

“ದಿನವೂ ಆ ದವಡೆಯಲ್ಲೇ ಇರುತ್ತೀಯಲ್ಲ, ಅಲ್ಲಿ ಏನೂ ಕಾಣಲಿಲ್ಲವೆ?” ಎಂದು ಟಾರ್ಚು ಕೇಳಿತು.

“ಕಂಡಿದೆ. ಒಂದು ಬಿಳಿ ಮಚ್ಚೆ. ಯುಗಾದಿಯಿಂದಲೂ ಇದೆ.”

“ಅದು ಕ್ಯಾನ್ಸರಿನ ಮುನ್ಸೂಚನೆ ಇರಬಹುದು! ಮತ್ತೆ ಅವಳಿಗೆ ಹೇಳಲಿಲ್ಲವೇಕೆ?”

“ಹೇಳಿದರೆ ನನ್ನ ಹೆಸರು ಏನಾಗಬೇಕು?”

ಟಾರ್ಚಿಗೆ ಮೈಯೆಲ್ಲ ಉರಿಯಿತು. “ನಿನ್ನ ಗುಣ ಸುಳ್ಳೆಂದು ನಾನು ಯಾವತ್ತೂ ಅಂದವನಲ್ಲ. ಆದರೆ ನಿನ್ನ ಹೆಸರು ಉಳಿಯುವುದಕ್ಕೆ ಆ ತಾಯಿ ತನ್ನ ದವಡೆ ಕಳೆದುಕೊಳ್ಳಬೇಕೇನು?”