ಹೆಬ್ಬೆರಳಿನ ಕುಳಿ

"ಉಪದೇಶಿಗಳೇ, ನಮ್ಮ ಸಭೆಯಿಂದ ಬೇರೆ ಸಭೆಗಳು ಕಲಿಯುವಂಥದ್ದು ಏನಿದೆ, ಬರೆದು ಕಳುಹಿಸಿ ಎಂದು ಮೇಲಿನವರು ಕೇಳಿದ್ದಾರೆ. ನಾವಿರುವುದು ಹನ್ನೆರಡು ಮನೆ. ಏನೆಂದು ಬರೆಯಲಿ?" ಎಂದು ದಯಾವತಿ ಕೇಳಿದಳು.

ಚರ್ಚಿನ ಉಪದೇಶಿ ಸತ್ಯಮಿತ್ರರು ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಮೊದಲ ಕಾಲದ ಕ್ರೈಸ್ತ ವಿಶ್ವಾಸಿಗಳ ಮಾತು. ಗ್ರೀಕರ ಸೀಮೆಯಾದ ಮಕೆದೋನ್ಯದ ಒಂದು ರೇವುಪಟ್ಟಣದಲ್ಲಿ ಒಬ್ಬ ಕುಂಬಾರನಿದ್ದ. ಹಣತೆ ಮಾಡುವುದು ಅವನ ಕಸುಬು. ತಂದೆಯಿಂದ ಬಂದ ಕಲ್ಲಿನ ಅಚ್ಚು ಅವನಲ್ಲಿತ್ತು. ಅದರಲ್ಲಿ ಮಣ್ಣು ಒತ್ತಿದರೆ ರೋಮಿನ ಚಕ್ರವರ್ತಿಯ ಮುಖ ಮೂಡುತ್ತಿತ್ತು. ಮುಖದ ಕೆಳಗೆ 'ಒಡೆಯ' ಎಂಬ ಮಾತು. ಚಕ್ರವರ್ತಿ ಹುಟ್ಟಿದ ದಿನ ಊರಿನ ಪ್ರತಿ ಬಾಗಿಲಲ್ಲೂ ಆ ಹಣತೆ ಉರಿಯಬೇಕು. ಊರಿಗೆಲ್ಲ ಹಣತೆ ಅವನದೇ.

ಆ ವರ್ಷ ಕುಂಬಾರ ಹೊಸ ಸಭೆಗೆ ಸೇರಿದ. ಹನ್ನೊಂದು ಮನೆಯ ಸಭೆ. ಹಡಗಿನ ಮೂಟೆ ಹೊರುವವರು, ನೇಕಾರರು, ರೊಟ್ಟಿ ಸುಡುವ ಒಬ್ಬ ವಿಧವೆ. ಯೇಸುವೇ ಒಡೆಯ ಎಂದು ಅವರೊಂದಿಗೆ ಅವನೂ ಹೇಳಿದ. ಮರುದಿನ ಅಚ್ಚಿನ ಮುಂದೆ ಕೂತ. ಹೆಬ್ಬೆರಳು ಆ ಅಕ್ಷರಗಳ ಮೇಲೆ ಹೋಗಿ ನಿಂತಿತು. ಒತ್ತಲು ಮನಸ್ಸು ಬರಲಿಲ್ಲ. ಸುತ್ತಿಗೆ ತಂದು ಅಚ್ಚನ್ನು ಒಡೆದ.

ಕುಂಬಾರರ ಯಜಮಾನ ಓಡಿ ಬಂದ. "ಏನಯ್ಯಾ, ನಿಮ್ಮಪ್ಪನ ಕೈಯ ಅಚ್ಚು. ಬಾಯಲ್ಲಿ ಯಾರನ್ನಾದರೂ ಒಡೆಯ ಅನ್ನು, ಯಾರು ಕೇಳ್ತಾರೆ? ಮಣ್ಣಿನ ಮೇಲೆ ಒತ್ತೋಕೆ ನಿನಗೇನು ಕಷ್ಟ?"

"ಬಾಯಲ್ಲೂ ಮಣ್ಣಲ್ಲೂ ಒಂದೇ ಹೆಸರಿರಲಿ ಅಂತ, ಅಣ್ಣ."

"ಮುಖ ಇಲ್ಲದ ಹಣತೆ ಯಾರು ಹಚ್ತಾರೆ?"

"ಹನ್ನೊಂದು ಮನೆಯವರು."

"ಹಾಗಾದರೆ ನಿನ್ನ ಮುಖ ಆ ಹನ್ನೊಂದು ಮನೆಗೇ ತೋರಿಸಿಕೋ. ನಮ್ಮ ಆವಿಗೆಯ ಹತ್ತಿರ ಕಾಣಿಸಬೇಡ."

ಸುಡಲು ಆವಿಗೆ ಇಲ್ಲದೆ ಕುಂಬಾರ ವಿಧವೆಯ ರೊಟ್ಟಿಯ ಒಲೆಯಲ್ಲಿ ಹಣತೆ ಸುಟ್ಟ. ಅಚ್ಚಿಲ್ಲದೆ ಕೆಲಸ ಮಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಪ್ರತಿ ಹಣತೆಯ ಅಂಚಿನಲ್ಲೂ ಅವನ ಹೆಬ್ಬೆರಳು ಒಂದು ಕುಳಿ ಬಿಟ್ಟಿತು.

"ನಿನ್ನ ಹಣತೆಗೆ ಸೊಟ್ಟ ಬಾಯಲ್ಲಪ್ಪ," ಎಂದು ವಿಧವೆ ನಕ್ಕಳು.

"ಎಣ್ಣೆ ನಿಲ್ಲುತ್ತೆ ತಾಯಿ."

ಹುಟ್ಟುಹಬ್ಬದ ಸಂಜೆ ಹನ್ನೊಂದು ಬಾಗಿಲಲ್ಲಿ ಮುಖವಿಲ್ಲದ ಹಣತೆ ಉರಿದವು. ಬಾಗಿಲಿಗೆ ಕಲ್ಲು ಬಿದ್ದವು. ಮೂಟೆ ಹೊರುವ ಮೂವರನ್ನು ಸೆರೆಗೆ ಒಯ್ದರು. ಅವರ ಹೆಂಡಂದಿರು ಹೊರಗೆ ಬಂದು ಹಣತೆಗೆ ಇನ್ನಷ್ಟು ಎಣ್ಣೆ ಹಾಕಿ ನಿಂತರು. ಮರುವರ್ಷವೂ ಹಾಗೆಯೇ ಆಯಿತು. ಅದರ ಮರುವರ್ಷವೂ.

ನಾಲ್ಕನೆಯ ವರ್ಷ ದಕ್ಷಿಣದ ಅಖಾಯ ಸೀಮೆಯಿಂದ ಒಬ್ಬ ವರ್ತಕ ಕುಂಬಾರನನ್ನು ಹುಡುಕಿಕೊಂಡು ಬಂದ. ಚೀಲದಿಂದ ಒಂದು ಹಣತೆ ತೆಗೆದ. ಅದಕ್ಕೆ ಮುಖವಿರಲಿಲ್ಲ. ಅಂಚಿನಲ್ಲಿ ಒಂದು ಕುಳಿ ಇತ್ತು.

"ನಿಮ್ಮ ಸಭೆಯ ಸುದ್ದಿಯನ್ನೂ ನಿಮ್ಮದೊಂದು ಹಣತೆಯನ್ನೂ ಹಡಗಿನವರು ತಂದರು. ಅದನ್ನು ನೋಡಿ ನಾವೂ ಮಾಡಿ ಹಚ್ಚಿದೆವು. ಈಗ ಏಳು ಊರಲ್ಲಿ ಹಚ್ಚುತ್ತಾರೆ. ಈ ಕುಳಿ ಸರಿಯಾದ ಜಾಗದಲ್ಲಿದೆಯೋ ನೋಡಿ ಹೇಳಿ. ಇದರ ಅರ್ಥ ಏನು ಅಂತ ನಮ್ಮಲ್ಲಿ ಜಗಳವೇ ಆಗಿದೆ."

ಕುಂಬಾರ ನಕ್ಕುಬಿಟ್ಟ. "ಅರ್ಥ ಎಲ್ಲಿಂದ ಬರಬೇಕು ಸ್ವಾಮಿ? ಅದು ನನ್ನ ಕೈತಪ್ಪು."

ಹೇಳುತ್ತಲೇ ತನ್ನ ಹೆಬ್ಬೆರಳನ್ನು ಆ ಕುಳಿಯಲ್ಲಿಟ್ಟು ನೋಡಿದ. ಬೆರಳು ಹೊಂದಲಿಲ್ಲ. ಕುಳಿ ಸಣ್ಣದು.

"ಇದು ಯಾರ ಬೆರಳು?"

"ನನ್ನ ಹೆಂಡತಿಯದು. ಈ ಹಣತೆ ಹಚ್ಚಿದ್ದಕ್ಕೆ ಸೆರೆಯಲ್ಲಿದ್ದಾಳೆ," ಎಂದ ವರ್ತಕ. ತಲೆ ಎತ್ತಿಯೇ ಹೇಳಿದ.

ಕುಂಬಾರನ ನಗು ನಿಂತಿತು. ಆ ಹಣತೆಯನ್ನು ಅಂಗೈಯಲ್ಲಿಟ್ಟುಕೊಂಡು ಅವನು ಹನ್ನೊಂದು ಮನೆಗೂ ಹೋದ. ಕುಳಿಯನ್ನು ಎಲ್ಲರಿಗೂ ಮುಟ್ಟಿಸಿದ. ಬರುವಾಗ ಇಷ್ಟು ವರ್ಷ ಹಿಡಿಯುತ್ತಿದ್ದ ಬಳಸುದಾರಿ ಬಿಟ್ಟು, ಕುಂಬಾರರ ಆವಿಗೆಯ ಮುಂದೆಯೇ ಎದೆಯುಬ್ಬಿಸಿ ನಡೆದ.

ಕತೆ ಮುಗಿಯಿತು. ದಯಾವತಿ ಪೆನ್ನಿನ ಮುಚ್ಚಳ ತೆಗೆದಳು. "ಹಾಗಾದರೆ ನಮ್ಮ ಸಭೆಯಲ್ಲೂ ಅಂಥ ಹಣತೆ ಹಚ್ಚುತ್ತೇವೆ ಅಂತ ಬರೆಯಲೇ?"

ಉಪದೇಶಿಗಳು ಕನ್ನಡಕ ಹಾಕಿಕೊಂಡರು. "ಹಣತೆ ಅವರದು. ನೀವೆಲ್ಲ ನಿಮ್ಮ ಅಚ್ಚು ಒಡೆಯಿರಿ ಮಗಳೇ, ಅದನ್ನು ನೋಡಿದವರು ತಾವೇ ಬರೆಯುತ್ತಾರೆ."