ಬೇಸಿಗೆ ರಜೆಯ ಸಂಬಳ

"ಮತ್ತೆ ನಡುವೆ ಬಾಯಿ ಹಾಕಿದೆಯಾ ಗುಬ್ಬಮ್ಮ? ಮಾತು ಮುಗಿಸಲು ಬಿಡು!" ಎಂದು ಕಣಜದ ಯಜಮಾನ ಹೆಗ್ಗಣಪ್ಪ ಸಿಡುಕಿದ. ಹಕ್ಕಿಶಾಲೆಯಲ್ಲಿ ಪಾಠ ಹೇಳುವ ಗುಬ್ಬಮ್ಮನಂಥವರಿಗೆ ಇಷ್ಟು ದಿನ ಶಾಲೆ ನಡೆಯುವ ಹತ್ತು ತಿಂಗಳು ಮಾತ್ರ ಸಂಬಳ, ತಿಂಗಳಿಗೆ ಹನ್ನೆರಡು ಹಿಡಿ ನವಣೆ. ಇನ್ನು ಮೇಲೆ ಹನ್ನೆರಡು ತಿಂಗಳೂ ಹತ್ತತ್ತು ಹಿಡಿ ಎಂಬುದು ಅವನ ಹೊಸ ಕಟ್ಟಳೆ.

"ರಜೆಗೂ ಸಂಬಳ!" ಎಂದು ಗಿಳಿ, ಮೈನಾ ರೆಕ್ಕೆ ತಟ್ಟಿದವು.

"ತಿಂಗಳಿಗೆ ಎರಡು ಹಿಡಿ ನಮ್ಮ ಕಾಳನ್ನೇ ಮುರಿದುಕೊಂಡು ನಮಗೇ ದಾನ ಮಾಡ್ತೀರಾ, ಯಜಮಾನ್ರೇ?" ಎಂದಳು ಗುಬ್ಬಮ್ಮ.

"ಈಗಲೇ ಕೊಟ್ಟರೆ ತಿಂದು ಮುಗಿಸ್ತೀರಿ. ಬೇಸಿಗೆವರೆಗೆ ನಾನೇ ಜೋಪಾನವಾಗಿ ಇಟ್ಟಿರ್ತೇನೆ," ಎಂದು ಹೆಗ್ಗಣಪ್ಪ ತೇಗಿದ.

"ಕಾಳಿರೋದು ತಿನ್ನೋಕಲ್ಲದೆ ಪೂಜೆಗಾ?" ಎಂದು ಗೊಣಗಿ, ಹತ್ತು ಹಿಡಿ ಹೊತ್ತು ಗೂಡಿಗೆ ಬಂದ ಗುಬ್ಬಮ್ಮ ಮಕ್ಕಳಿಗೆ ಸಂಗತಿ ಹೇಳಿದಳು. ಬಾಯಿ ತೆರೆದೇ ಕೂತಿದ್ದ ಕಿರಿಮರಿ ಕೇಳಿತು: "ಅಮ್ಮಾ, ಇವತ್ತಿನ ಹಸಿವನ್ನು ಬೇಸಿಗೆವರೆಗೆ ಯಾರ ಹತ್ತಿರ ಇಡೋಣ?"