ಗವಿಯಲ್ಲಿ ಕೂಗಿದ ಹುಂಜ

ನಂಬದವರು ಬೇಕಾದರೆ ಗವಿಯ ಬಾವಲಿಯನ್ನೇ ಕೇಳಿಕೊಂಡು ಬನ್ನಿ. ತನ್ನ ಕೂಗಿಗೇ ಸೂರ್ಯ ಏಳುತ್ತಾನೆಂದು ಬೀಗುತ್ತಿದ್ದ ಹುಂಜವೊಂದು ಗವಿಯ ಶಿವನನ್ನು ನೋಡಲು ಹೋಯಿತು. ಒಳಗೆ ಕಗ್ಗತ್ತಲು. “ಇಲ್ಲೂ ಬೆಳಗು ಮಾಡಿಬಿಡ್ತೀನಿ” ಎಂದು ಎದೆಯುಬ್ಬಿಸಿ ಕೂಗಿತು. ಕತ್ತಲು ಕದಲಲಿಲ್ಲ, ಒಳಗಿನಿಂದ ಅಂಥದೇ ಕೂಗು ಬಂತು.

“ಯಾವನೋ ಅವನು, ನನಗೇ ಎದುರು ಕೂಗೋನು?”

“ನಿನ್ನದೇ ದನಿ ಕಣಯ್ಯ,” ಎಂದಿತು ಮೇಲೆ ನೇತಾಡುತ್ತಿದ್ದ ಬಾವಲಿ. “ಶಿವನನ್ನು ನೋಡಬೇಕಾದರೆ ಸುಮ್ಮನೆ ನಿಲ್ಲು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ.”

“ನಾನು ಕೂಗದೆ ಏನಾದರೂ ಕಾಣುತ್ತಾ?”

“ಅದನ್ನೂ ನೋಡಿಬಿಡು.”

ಹುಂಜಕ್ಕೆ ಕುತೂಹಲ ತಡೆಯಲಾಗಲಿಲ್ಲ. ಕೊಕ್ಕು ಬಿಗಿಹಿಡಿದು ನಿಂತಿತು. ಮೆಲ್ಲಗೆ ಬಂಡೆ ಕಂಡಿತು, ಬಂಡೆಯಿಂದ ತೊಟ್ಟಿಕ್ಕುವ ನೀರು ಕಂಡಿತು, ಅದರಡಿಯಲ್ಲಿ ಶಿವ ಕಂಡ. ಹತ್ತಿರ ಹೋಗಿ ತಲೆಬಾಗಿದ ಹುಂಜದ ಜುಟ್ಟಿನ ಮೇಲೆ ಒಂದು ಹನಿ ತೀರ್ಥ ಬಿತ್ತು.